ಚೋಕ್ ತೆಗೆದರೆ ಬುಲೆಟ್ ಆಫ್: ಮಳೆಗಾಲದ ನಂತರ ಮಿಕ್‌ಕಾರ್ಬ್ ಬಿಚ್ಚಿ ಟ್ಯೂನ್ ಮಾಡುವುದು ಹೇಗೆ?

ಕೋಡಿಬಾಗ_ಬುಲೆಟ್

ಎಲ್ಲರಿಗೂ ನಮಸ್ಕಾರ. ಗಾಡಿ 1994ರ ಬುಲೆಟ್ ಸ್ಟ್ಯಾಂಡರ್ಡ್ 350, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್ಚಿನಂಥ ಪಾಯಿಂಟ್ ಇರುವುದು), ಮಿಕ್‌ಕಾರ್ಬ್ ವಿಎಂ24 ಕಾರ್ಬ್ಯುರೇಟರ್. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರದ ಮನೆಯಲ್ಲಿ ಮಾಡಿನ ಕೆಳಗೆ ನಿಂತೇ ಇತ್ತು. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೇ ಉಳಿದಿತ್ತು. ಹಳೇ ಪೆಟ್ರೋಲ್ ಚೆಲ್ಲಿ ಹೊಸತು ಹಾಕಿದ್ದೇನೆ.

ಈಗಿನ ಸ್ಥಿತಿ ಹೀಗಿದೆ. ಚೋಕ್ ಎಳೆದರೆ ಎರಡು ಮೂರು ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಆದರೆ ಎಂಜಿನ್ ಬಿಸಿಯಾದ ಮೇಲೂ ಚೋಕ್ ತೆಗೆದರೆ ಆಫ್. ಐಡ್ಲಿಂಗ್ ಇಲ್ಲವೇ ಇಲ್ಲ. ಟ್ಯಾಪ್ ಆನ್ ಇಟ್ಟು ಹತ್ತು ನಿಮಿಷ ಬಿಟ್ಟರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟಿ ಏರುವಾಗ ಮೂರನೇ ಗೇರಿನಲ್ಲಿ ಅರ್ಧ ಥ್ರಾಟಲ್ ಕೊಟ್ಟು ಒಂದೆರಡು ನಿಮಿಷ ಆದ ಮೇಲೆ ಮಿಸ್ಸಿಂಗ್ ಹೊಡೆಯುತ್ತದೆ.

ಇಲ್ಲಿಯ ಮೆಕ್ಯಾನಿಕ್ ಒಬ್ಬರು "ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು) ದೊಡ್ಡದು ಹಾಕಬೇಕು, ಶಿರಸಿ ಎತ್ತರಕ್ಕೆ ಬೇರೆ ಸೆಟ್ಟಿಂಗ್ ಬೇಕು" ಅಂದರು. ಜೆಟ್ ಬದಲಾಯಿಸುವ ಮೊದಲು ಕಾರ್ಬ್ಯುರೇಟರ್ ನಾನೇ ಬಿಚ್ಚಿ ಸ್ವಚ್ಛ ಮಾಡಬೇಕು ಅಂತಿದ್ದೇನೆ. ಯಾವ ಕ್ರಮದಲ್ಲಿ ಹೋಗಲಿ?

ಶಿರಸಿ_ಸ್ಪ್ಯಾನರ್

ಮೇನ್ ಜೆಟ್‌ಗೆ ಸದ್ಯ ಕೈ ಹಾಕಬೇಡಿ ಮಾರಾಯ್ರೆ. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ದೋಷ ಇದೆ, ಒಂದೂ ಮೇನ್ ಜೆಟ್‌ನದ್ದಲ್ಲ.

ವಿಎಂ ಜಾತಿಯ ಕಾರ್ಬ್‌ನಲ್ಲಿ ಥ್ರಾಟಲ್ ಎಷ್ಟು ತೆರೆದಿದೆ ಅನ್ನುವುದರ ಮೇಲೆ ಯಾವ ಭಾಗ ಕೆಲಸ ಮಾಡುತ್ತದೆ ಅನ್ನುವುದು ನಿಂತಿದೆ. ಮುಚ್ಚಿದ್ದಾಗಿನಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ (ಥ್ರಾಟಲ್ ಜೊತೆ ಮೇಲೆ ಕೆಳಗೆ ಸರಿಯುವ ಭಾಗ) ಕೆಳಗಿನ ಓರೆ ಕಟ್. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ತೂಗುವ ಸೂಜಿ ಮತ್ತು ಅದು ಇಳಿಯುವ ನೀಡಲ್ ಜೆಟ್. ಮುಕ್ಕಾಲು ದಾಟಿದ ಮೇಲೇ ಮೇನ್ ಜೆಟ್ ಲೆಕ್ಕಕ್ಕೆ ಬರುವುದು. ಗಡಿಗಳು ಸ್ವಲ್ಪ ಒಂದರೊಳಗೊಂದು ಸೇರಿಕೊಂಡಿರುತ್ತವೆ, ಆದರೂ ದೋಷ ಹುಡುಕಲು ಇಷ್ಟು ಸಾಕು. ಹ್ಯಾಂಡಲ್ ಗ್ರಿಪ್ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಳ್ಳಿ. ಅಂದಾಜಿನಲ್ಲಿ "ಅರ್ಧ" ಅನ್ನುವವರು ಹೆಚ್ಚಿನ ಸಲ ಕಾಲು ಭಾಗದಲ್ಲೇ ಇರುತ್ತಾರೆ.

ಚೋಕ್ ಇದ್ದರೆ ಮಾತ್ರ ಎಂಜಿನ್ ಓಡುವುದು ಅಂದರೆ ಪೈಲಟ್ ದಾರಿ ಕಟ್ಟಿದೆ, ಇಲ್ಲವೇ ಕಾರ್ಬ್ ಮತ್ತು ಹೆಡ್ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ತೊಟ್ಟಿಕ್ಕುವುದು ಫ್ಲೋಟ್ ನೀಡಲ್‌ನದ್ದು (ಬೌಲ್ ತುಂಬಿದಾಗ ತೇಲುವ ಫ್ಲೋಟ್ ಒತ್ತಿ ಪೆಟ್ರೋಲ್ ನಿಲ್ಲಿಸುವ ಮೊನೆ). ಘಾಟಿಯ ಮಿಸ್ಸಿಂಗ್ ಬಗ್ಗೆ ಕೊನೆಗೆ ಹೇಳುತ್ತೇನೆ.

ಬಿಚ್ಚುವಾಗ ಟ್ಯಾಪ್ ಮುಚ್ಚಿ, ಪೈಪ್ ಎಳೆದು, ಮೊದಲು ಮೇಲಿನ ರಿಂಗ್ ನಟ್ ಕೈಯಲ್ಲೇ ತಿರುಗಿಸಿ ಸ್ಲೈಡನ್ನು ಕೇಬಲ್ ಸಮೇತ ಹೊರಗೆ ತೆಗೆಯಿರಿ. ಸೂಜಿಯ ಕ್ಲಿಪ್ ಮೇಲಿನಿಂದ ಎಷ್ಟನೇ ಗೀರಿನಲ್ಲಿದೆ ನೋಡಿ ಬರೆದಿಡಿ. ಮೂರನೆಯದರಲ್ಲಿರಬೇಕು. ಸೂಜಿ ಬಗ್ಗದ ಹಾಗೆ ಸ್ಲೈಡನ್ನು ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲ್‌ಗೆ ಕಟ್ಟಿಬಿಡಿ. ಆಮೇಲೆ ಫ್ಲ್ಯಾಂಜಿನ (ಕಾರ್ಬ್ ಹೆಡ್‌ಗೆ ಕೂರುವ ಚಪ್ಪಟೆ ಮುಖ) ಎರಡು ನಟ್.

ಕಾರ್ಬ್ ಟೇಬಲ್ ಮೇಲೆ ಬಂದ ಮೇಲೆ ಏರ್ ಸ್ಕ್ರೂವನ್ನು ನಿಧಾನಕ್ಕೆ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತು ಹೋಯಿತು ಎಣಿಸಿ. ತಳ ತಾಗಿತು ಅಂತ ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ಸ್ಕ್ರೂವಿನ ಮೊನೆಗೆ ಉಂಗುರದಂತೆ ಗೀರು ಬೀಳುತ್ತದೆ, ಆಮೇಲೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ನಂತರ ಸ್ಪ್ರಿಂಗ್ ಸಮೇತ ಪೂರ್ತಿ ಹೊರಗೆ ತೆಗೆಯಿರಿ. ಐಡಲ್ ಸ್ಕ್ರೂ ಬೇರೆ. ಅದು ಸ್ಲೈಡನ್ನು ಎತ್ತುವಂಥದ್ದು, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಬೌಲ್ (ಕಾರ್ಬ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ತೆಗೆದಾಗ ತಳದಲ್ಲಿ ಏನಿದೆ ನೋಡಿ, ಒರೆಸಿಬಿಡಬೇಡಿ. ಕೆಂಪು ಪುಡಿ ಇದ್ದರೆ ಟ್ಯಾಂಕ್ ತುಕ್ಕು. ಬಿಳಿ ಹರಳಿನಂಥದ್ದು ಇದ್ದರೆ ನೀರು ಕೂತು ಬೌಲ್ ಲೋಹವನ್ನೇ ತಿಂದಿದೆ. ಜೆಟ್ ಮೇಲೆ ಹಸಿರು ಕಿಲುಬು ಇರುವುದೂ ಅದರಿಂದಲೇ. ಕಾರವಾರದಲ್ಲಿ ನಾಲ್ಕು ತಿಂಗಳು ಅರ್ಧ ಟ್ಯಾಂಕ್ ಇಟ್ಟರೆ ಖಾಲಿ ಜಾಗದ ತೇವದ ಗಾಳಿಯಿಂದ ಎಥನಾಲ್ ನೀರು ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಿಗೇ ಬೇರ್ಪಟ್ಟು ಕೆಳಗೆ ಕೂರುತ್ತವೆ. ಎಲ್ಲಕ್ಕಿಂತ ಕೆಳಗಿರುವುದು ಕಾರ್ಬ್ ಬೌಲ್.

ಇನ್ನು ಪೈಲಟ್ ಜೆಟ್. ಇದು ಕಿರಿದಾದ ಬಾವಿಯೊಳಗೆ ಕೂತಿರುತ್ತದೆ. ಬಾವಿಗೆ ಸರಿಯಾಗಿ ಇಳಿಯುವ, ಜೆಟ್ ತಲೆಯ ಸೀಳಿನ ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರ್ ಬೇಕು. ಸಣ್ಣ ಟೆಸ್ಟರ್ ಹಾಕಿ ತಿರುಗಿಸಿದರೆ ಹಿತ್ತಾಳೆಯ ತಲೆ ಸೀಳಿ ಹೋಗುತ್ತದೆ. ಬಿಗಿ ಇದ್ದರೆ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಹೊರಗೆ ಬಂದ ಜೆಟ್ ಮೇಲೆ ಸಾಮಾನ್ಯವಾಗಿ 25 ಅಂತ ಇರುತ್ತದೆ, ಮೇನ್ ಜೆಟ್ ಮೇಲೆ 90. ನಿಮ್ಮದರಲ್ಲಿ ಏನಿದೆಯೋ ಬರೆದಿಡಿ, ಹಿಂದೆ ಯಾರಾದರೂ ಬದಲಾಯಿಸಿರಲೂಬಹುದು.

ಪೈಲಟ್ ಜೆಟ್‌ನ ತೂತು ಕಾಲು ಮಿಲಿಮೀಟರ್ ಆಸುಪಾಸು. ಬೆಳಕಿಗೆ ಹಿಡಿದು ನೋಡಿದರೆ ಅಂಚು ಚೊಕ್ಕ ಇರುವ ಗುಂಡನೆ ಬೆಳಕು ಕಾಣಬೇಕು. ಚಂದ್ರಕಲೆಯ ಹಾಗೆ ಅಥವಾ ಮಸುಕಾಗಿ ಕಂಡರೆ ಒಳಗೆ ಅಂಟು ಇನ್ನೂ ಇದೆ. ಹೊಲಿಗೆ ಸೂಜಿ, ಗಿಟಾರ್ ತಂತಿ ಹಾಕಬೇಡಿ. ಉಕ್ಕು ಹಿತ್ತಾಳೆಯನ್ನು ಗೀರಿ ತೂತು ದೊಡ್ಡದು ಮಾಡುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಮನೆಯ ಕರೆಂಟ್ ಫ್ಲೆಕ್ಸಿಬಲ್ ವೈರ್ ಬಿಚ್ಚಿ ಒಳಗಿನ ತಾಮ್ರದ ಒಂದೇ ಎಳೆ ತೆಗೆದುಕೊಳ್ಳಿ. ಅದು ಬಹುತೇಕ 0.2 ಮಿ.ಮೀ. ಇರುತ್ತದೆ, ತೂತಿನೊಳಗೆ ಸಲೀಸಾಗಿ ಹೋಗುತ್ತದೆ. ಜೆಟ್ ಪಕ್ಕದಲ್ಲಿ ಅಡ್ಡ ತೂತುಗಳೂ ಇವೆ, ಅವನ್ನು ಮರೆಯಬೇಡಿ.

ಜೆಟ್ ಸ್ವಚ್ಛ ಮಾಡಿ ಅಲ್ಲಿಗೇ ಬಿಡುವವರೇ ಜಾಸ್ತಿ. ದಾರಿ ಕಟ್ಟಿರುವುದು ಬಾಡಿಯೊಳಗೂ ಇರಬಹುದು. ಏರ್ ಸ್ಕ್ರೂ ಕೂರುವ ತೂತಿಗೆ ಸ್ಪ್ರೇ ಕೊಳವೆ ಒತ್ತಿ ಹಿಡಿದು ಹೊಡೆಯಿರಿ. ಫಿಲ್ಟರ್ ಕಡೆಯ ಬಾಯಿಯಲ್ಲಿರುವ ಸಣ್ಣ ಗಾಳಿ ತೂತಿನಿಂದ, ಪೈಲಟ್ ಜೆಟ್ ಬಾವಿಯಿಂದ, ಮತ್ತು ಸ್ಲೈಡ್ ಕೂರುವ ಜಾಗದ ತಳದಲ್ಲಿ ಎಂಜಿನ್ ಕಡೆಗಿರುವ ಸೂಜಿಮೊನೆಯಷ್ಟು ತೂತುಗಳಿಂದ ದ್ರವ ಚಿಮ್ಮಬೇಕು. ಒಂದೊಂದು ಬಾಯಿಯನ್ನೂ ಬೆರಳಿನಿಂದ ಮುಚ್ಚಿ ಉಳಿದವನ್ನು ಪರೀಕ್ಷಿಸಿ. ಕಣ್ಣಿಗೆ ಕನ್ನಡಕ ಇರಲೇಬೇಕು, ಸ್ಪ್ರೇ ನೇರ ಮುಖಕ್ಕೆ ವಾಪಸ್ ಬರುತ್ತದೆ. ಓ-ರಿಂಗ್, ಗ್ಯಾಸ್ಕೆಟ್, ಫ್ಲೋಟ್ ನೀಡಲ್ ಎಲ್ಲ ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ರಬ್ಬರ್ ಉಬ್ಬುತ್ತದೆ. ದೇವರ ದೀಪ ತೊಳೆದ ಹಾಗೆ ಕಾರ್ಬ್ ಬಾಡಿಯನ್ನು ಹುಣಸೆಹುಳಿಯಲ್ಲೋ ಮುರುಗಲು ನೀರಿನಲ್ಲೋ ನೆನೆಸುವುದನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಹುಳಿ ಹಿತ್ತಾಳೆ ಜೆಟ್‌ಗೆ ಐದು ನಿಮಿಷ ಪರವಾಗಿಲ್ಲ, ಆದರೆ ಎರಕದ ಬಾಡಿಯನ್ನು ಕೊರೆಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹಿಡಿಯುವುದಾದರೆ ಮೊದಲು ಖಾಲಿ ಬಿಟ್ಟು ನೋಡಿ, ಕರಾವಳಿಯಲ್ಲಿ ಕಂಪ್ರೆಸರ್ ಟ್ಯಾಂಕಿನಿಂದ ನೀರೂ ಬರುತ್ತದೆ.

ಫ್ಲೋಟ್ ನೀಡಲ್‌ನ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತ ಉಂಗುರ ಬಿದ್ದಿದ್ದರೆ ಸೀಟ್ ಸಮೇತ ಹೊಸದು. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಅನುಮಾನ ಇದ್ದರೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ಸೋರಿಕೆ. ನೀರು ಕಾಯಿಸುವ ಒಲೆಯಿಂದ ದೂರ ಬಂದು ಮಾಡಿ. ಜೋಡಿಸಿದ ಮೇಲೆ ಕಾರ್ಬನ್ನು ತಲೆಕೆಳಗೆ ಹಿಡಿದು ಪೆಟ್ರೋಲ್ ಬರುವ ಮೂತಿಗೆ ಸ್ವಚ್ಛ ಪೈಪ್ ಹಾಕಿ ಬಾಯಲ್ಲಿ ಊದಿ. ಗಾಳಿ ಹೋಗಲೇಬಾರದು.

ಅಂಕೋಲಾ_ಪಾಯಿಂಟ್

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ. ಆದರೆ ಕಾರ್ಬ್ ಟ್ಯೂನ್ ಮಾಡುವ ಮೊದಲು ಇಗ್ನಿಷನ್ ಮತ್ತು ಟ್ಯಾಪೆಟ್ (ವಾಲ್ವ್‌ಗಳ ಸಡಿಲದ ಹೊಂದಾಣಿಕೆ) ಸರಿ ಇರಲೇಬೇಕು. ಇಲ್ಲದಿದ್ದರೆ ಏರ್ ಸ್ಕ್ರೂ ತಿರುಗಿಸಿ ತಿರುಗಿಸಿ ಪಾಯಿಂಟಿನ ದೋಷವನ್ನು ಮುಚ್ಚಿಡುವುದಷ್ಟೇ ಆಗುತ್ತದೆ.

ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.40 ಮಿ.ಮೀ. ಪ್ಲಗ್ ಗ್ಯಾಪ್ 0.5. ಪಾಯಿಂಟಿನ ಮುಖದ ಮೇಲೆ ಉಪ್ಪುಗಾಳಿಯ ಬೂದು ಪದರ ಕೂತಿರುತ್ತದೆ, ನುಣುಪಾದ ಪಾಲಿಷ್ ಕಾಗದ ನಡುವೆ ಎಳೆದು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದ ಎಳೆಯಿರಿ. ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದಪ್ಪ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಬಿಸಿಯಾದ ಮೇಲಷ್ಟೇ ಕೈಕೊಡುವ ಕಂಡೆನ್ಸರ್ ಮತ್ತು ಕಾಯಿಲ್ ಘಾಟಿಯಲ್ಲಿ ಪೆಟ್ರೋಲ್ ಕಡಿಮೆಯಾದಂತೆಯೇ ವರ್ತಿಸುತ್ತವೆ.

ಟ್ಯಾಪೆಟ್ ಎಂಜಿನ್ ಪೂರ್ತಿ ತಣ್ಣಗಿದ್ದಾಗ ನೋಡಬೇಕು. ಕಂಪ್ರೆಷನ್ ಟಾಪ್‌ನಲ್ಲಿ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತುತ್ತತುದಿಯಲ್ಲಿರುವಾಗ) ಎರಡೂ ಪುಷ್‌ರಾಡ್ ಬೆರಳಿನಿಂದ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಬಿಗಿ ಇದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರದೆ ಐಡ್ಲಿಂಗ್ ಹೋಗುತ್ತದೆ, ಬೈಗುಳ ಮಾತ್ರ ಕಾರ್ಬ್ಯುರೇಟರ್‌ಗೆ.

ಇನ್ನೊಂದು, ಬುಲೆಟ್‌ಗೆ ಇದು ದೊಡ್ಡ ರೋಗ: ಫ್ಲ್ಯಾಂಜ್ ಬಗ್ಗುವುದು. ಎರಡೇ ನಟ್ ಇರುವುದರಿಂದ ಗಾಳಿ ಎಳೆಯುತ್ತಿದೆ ಅಂತ ಬಿಗಿ ಮಾಡಿದಷ್ಟೂ ಕಿವಿಗಳು ಎಂಜಿನ್ ಕಡೆಗೆ ಬಾಗಿ ನಡುಭಾಗ ಎದ್ದು ಬರುತ್ತದೆ. ಸ್ಟೀಲ್ ಸ್ಕೇಲಿನ ಅಂಚನ್ನು ಫ್ಲ್ಯಾಂಜ್ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕಿನ ಗೆರೆ ಕಂಡರೆ ಬಗ್ಗಿದೆ. ಕಿಟಕಿ ಗಾಜಿನ ತುಂಡಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಒಂದೇ ಒತ್ತಡದಲ್ಲಿ ತಿಕ್ಕಿ. ಇಡೀ ಮುಖದ ಮೇಲೆ ಒಂದೇ ಥರದ ಗೀರು ಬಂದಾಗ ನಿಲ್ಲಿಸಿ. ಹೆಡ್ ಮತ್ತು ಕಾರ್ಬ್ ನಡುವಿನ ದಪ್ಪ ಕಪ್ಪು ಸ್ಪೇಸರ್‌ನ ಎರಡೂ ಮುಖವನ್ನೂ ಪರೀಕ್ಷಿಸಿ. ಅದನ್ನು ತೆಗೆದುಹಾಕಿ ನೇರ ಜೋಡಿಸಬೇಡಿ, ಹೆಡ್‌ನ ಬಿಸಿ ಕಾರ್ಬ್‌ಗೆ ಹತ್ತಿ ಬೌಲಿನ ಪೆಟ್ರೋಲ್ ಕುದಿಯುತ್ತದೆ.

ಜೋಡಿಸಿದ ಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಕೂಡುಗಡೆಗೆ ಸಾಬೂನು ನೀರನ್ನು ಬ್ರಶ್‌ನಲ್ಲಿ ಹಚ್ಚಿ. ಶಬ್ದ ಬದಲಾದರೆ, ನೀರು ಒಳಗೆ ಎಳೆದುಕೊಂಡರೆ, ಅಲ್ಲೇ ಸೋರಿಕೆ. ಕೆಲವರು ಕ್ಲೀನರ್ ಸ್ಪ್ರೇ ಹೊಡೆದು ನೋಡುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಅದು ಬೇಡವೇ ಬೇಡ.

ಕೋಡಿಬಾಗ_ಬುಲೆಟ್

ಇಬ್ಬರಿಗೂ ಧನ್ಯವಾದ. ಬಿಚ್ಚಿದೆ. ಬೌಲ್ ತಳದಲ್ಲಿ ಬಿಳಿ ಹರಳು, ಸ್ವಲ್ಪ ಕೆಂಪು ಪುಡಿ. ಪೈಲಟ್ ಜೆಟ್ 25, ಬೆಳಕು ಬರಲೇ ಇಲ್ಲ. ಮೇನ್ 90, ಸ್ವಚ್ಛ ಇತ್ತು. ಕ್ಲಿಪ್ ಮೂರನೇ ಗೀರು. ಏರ್ ಸ್ಕ್ರೂ ಮುಕ್ಕಾಲು ಸುತ್ತು ಮಾತ್ರ ತೆರೆದಿತ್ತು. ಫ್ಲ್ಯಾಂಜ್ ಕೆಳಗೆ ಟಾರ್ಚ್ ಬೆಳಕು ಎರಡೂ ಕಡೆ ಕಾಣುತ್ತದೆ. ಪಾಯಿಂಟ್ ಗ್ಯಾಪ್ 0.30 ಇತ್ತು, 0.38 ಮಾಡಿದೆ. ಫ್ಲೋಟ್ ನೀಡಲ್ ಮೊನೆಯಲ್ಲಿ ಉಂಗುರ ಇದೆ, ಹೊಸದು ತರಿಸುತ್ತೇನೆ.

ಈಗ ಜೋಡಣೆ ಮತ್ತು ಟ್ಯೂನಿಂಗ್ ಹೇಳಿ. ಘಾಟಿ ವಿಷಯವೂ ಬಾಕಿ ಇದೆ.

ಶಿರಸಿ_ಸ್ಪ್ಯಾನರ್

ಪಾಯಿಂಟ್ ಗ್ಯಾಪ್ ಹೆಚ್ಚಿಸಿದರೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಸ್ವಲ್ಪ ಬೇಗ ಆಗುತ್ತದೆ. ಅದನ್ನು ಮತ್ತೆ ಪರೀಕ್ಷಿಸಿ: ಅಡ್ವಾನ್ಸ್ (ವೇಗ ಏರಿದಂತೆ ಕಿಡಿಯನ್ನು ಬೇಗ ಮಾಡುವ ಭಾಗ) ಪೂರ್ತಿ ಹಿಂದಿರುವಾಗ ಪಿಸ್ಟನ್ ಟಾಪ್‌ಗಿಂತ 0.8 ಮಿ.ಮೀ. ಮೊದಲು ಪಾಯಿಂಟ್ ತೆರೆಯಲು ಶುರುವಾಗಬೇಕು.

ಏರ್ ಸ್ಕ್ರೂ ಮುಕ್ಕಾಲು ಸುತ್ತಿನಲ್ಲಿತ್ತು ಅನ್ನುವುದೇ ಹಿಂದಿನವರು ಏನು ಮಾಡಿದ್ದಾರೆ ಅಂತ ಹೇಳುತ್ತದೆ. ಈ ಸ್ಕ್ರೂ ಬಿಡುವುದು ಗಾಳಿಯನ್ನು. ಒಳಗೆ ತಿರುಗಿಸಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಹೊರಗೆ ಬಿಟ್ಟರೆ ಲೀನ್ (ಗಾಳಿ ಜಾಸ್ತಿ). ಫ್ಲ್ಯಾಂಜಿನಲ್ಲಿ ಕದ್ದು ಬರುತ್ತಿದ್ದ ಗಾಳಿಗೆ ಸರಿದೂಗಿಸಲು ಇಲ್ಲಿ ಮುಚ್ಚಿದ್ದಾರೆ.

ಜೋಡಿಸುವಾಗ ಸ್ಲೈಡಿನ ಓರೆ ಕಟ್ ಏರ್ ಫಿಲ್ಟರ್ ಕಡೆಗೆ, ಸ್ಲೈಡಿನ ಪಕ್ಕದ ತೋಡು ಬಾಡಿಯೊಳಗಿನ ಪಿನ್‌ಗೆ ಕೂರಬೇಕು. ಸೂಜಿ ನೀಡಲ್ ಜೆಟ್‌ನೊಳಗೆ ತಾನಾಗಿ ಇಳಿಯುವ ತನಕ ಒತ್ತಬೇಡಿ. ರಿಂಗ್ ನಟ್ ಬಿಗಿದ ಮೇಲೆ ಥ್ರಾಟಲ್ ತಿರುಗಿಸಿ ಬಿಟ್ಟರೆ "ಟಕ್" ಅಂತ ಸ್ಲೈಡ್ ತಳಕ್ಕೆ ಬೀಳುವ ಶಬ್ದ ಕೇಳಬೇಕು. ಕೇಳದೆ ಕಿಕ್ ಹೊಡೆಯಬೇಡಿ, ಗಾಡಿ ಪೂರ್ತಿ ರೇಸ್‌ನಲ್ಲಿ ಕೂಗುತ್ತದೆ. ಕೇಬಲ್‌ಗೆ 2ರಿಂದ 3 ಮಿ.ಮೀ. ಸಡಿಲ ಇರಲಿ, ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗಲೂ. ಫ್ಲ್ಯಾಂಜ್ ನಟ್‌ಗಳನ್ನು ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಕೊಡುತ್ತ ಬನ್ನಿ, ಓ-ರಿಂಗ್ ಒತ್ತಿ ಮುಖ ಕೂತ ಮೇಲೆ ಸ್ವಲ್ಪವೇ ಬಿಗಿ. ಬಿಗಿಯಿಂದ ಗಾಳಿ ನಿಲ್ಲುವುದಲ್ಲ, ಓ-ರಿಂಗ್‌ನಿಂದ ನಿಲ್ಲುವುದು.

ಟ್ಯೂನಿಂಗ್ ತಣ್ಣನೆಯ ಎಂಜಿನ್‌ನಲ್ಲಿ ಮಾಡುವ ಕೆಲಸ ಅಲ್ಲ. ಏರ್ ಸ್ಕ್ರೂ ಒಂದೂವರೆ ಸುತ್ತಿಗೆ ಇಟ್ಟು ಎಂಟು ಹತ್ತು ಕಿ.ಮೀ. ಓಡಿಸಿ ಬನ್ನಿ. ಚೋಕ್ ಪೂರ್ತಿ ತೆಗೆದಿರಲಿ. ಐಡಲ್ ಸ್ಕ್ರೂವಿನಿಂದ ಸ್ವಲ್ಪ ಜಾಸ್ತಿ ವೇಗಕ್ಕೆ ಇಟ್ಟು, ಏರ್ ಸ್ಕ್ರೂವನ್ನು ಕಾಲು ಸುತ್ತು ಹೊರಗೆ ಬಿಡಿ, ಹತ್ತು ಸೆಕೆಂಡ್ ಕಾಯಿರಿ, ಕಿವಿಗೊಡಿ. ವೇಗ ಏರಿದರೆ ಅದೇ ದಿಕ್ಕಿನಲ್ಲಿ ಮುಂದೆ, ಇಳಿದರೆ ವಾಪಸ್. ಅತಿ ಹೆಚ್ಚು ವೇಗ, ಸಮಾನ ಬಡಿತ ಸಿಕ್ಕ ಜಾಗದಲ್ಲಿ ನಿಲ್ಲಿಸಿ ಐಡಲ್ ಸ್ಕ್ರೂ ಇಳಿಸಿ. ಇಳಿಸಿದ ಮೇಲೆ ಮತ್ತೊಮ್ಮೆ ಏರ್ ಸ್ಕ್ರೂ ಹುಡುಕಿ, ಎರಡನೇ ಸಲ ಜಾಗ ಸ್ವಲ್ಪ ಸರಿದಿರುತ್ತದೆ. ಆ ಜಾಗ ಒಂದರಿಂದ ಎರಡೂವರೆ ಸುತ್ತಿನೊಳಗೆ ಬರಬೇಕು. ಒಂದಕ್ಕಿಂತ ಕಡಿಮೆಯಾದರೆ ಪೈಲಟ್ ಇನ್ನೂ ಅರ್ಧ ಕಟ್ಟಿದೆ ಅಥವಾ ಗಾಳಿ ಎಳೆಯುತ್ತಿದೆ. ಎರಡೂವರೆ ದಾಟಿದರೆ ಫ್ಲೋಟ್ ಮಟ್ಟ ಮೇಲಿದೆ, ಅಥವಾ ಚೋಕ್ ಪ್ಲಂಜರ್ ತಳದ ರಬ್ಬರ್ ಗಟ್ಟಿಯಾಗಿ ಅಲ್ಲಿಂದ ಪೆಟ್ರೋಲ್ ಸೋರುತ್ತಿದೆ.

ಕೊನೆಗೆ ಥ್ರಾಟಲ್ ಸಟ್ಟನೆ ತಿರುಗಿಸಿ ನೋಡಿ. ತಡವರಿಸಿ, ಕಾರ್ಬ್ ಕಡೆ ಸೀನಿದರೆ ಲೀನ್, ಕಾಲು ಸುತ್ತು ಒಳಕ್ಕೆ. ರೇಸ್ ಕೊಟ್ಟು ಬಿಟ್ಟಾಗ ವೇಗ ನಿಧಾನವಾಗಿ ತೂಗಾಡುತ್ತ ಇಳಿದರೂ ಲೀನ್. ಐಡಲ್‌ಗಿಂತ ಕೆಳಗೆ ಕುಸಿದು ಮತ್ತೆ ಚೇತರಿಸಿಕೊಂಡರೆ ರಿಚ್.

ಈಗ ಘಾಟಿ. ಕಾರವಾರ ಸಮುದ್ರ ಮಟ್ಟ, ಶಿರಸಿ ಸುಮಾರು 600 ಮೀಟರ್. ಅಷ್ಟು ಎತ್ತರಕ್ಕೆ ಗಾಳಿಯ ಸಾಂದ್ರತೆ ಶೇ. 6ರಷ್ಟು ಇಳಿಯಬಹುದು, ಮಿಶ್ರಣ ಅದರ ಅರ್ಧದಷ್ಟು ರಿಚ್ ಆಗುತ್ತದೆ. ಇಷ್ಟಕ್ಕೆ ಯಾವ ಬುಲೆಟ್ಟೂ ಮಿಸ್ಸಿಂಗ್ ಹೊಡೆಯುವುದಿಲ್ಲ, ಜೆಟ್ ಬದಲಾಯಿಸುವ ಅಗತ್ಯವೂ ಇಲ್ಲ. ಅದಲ್ಲದೆ ನಿಮ್ಮದು ಏರಿದ ಕೂಡಲೇ ಅಲ್ಲ, ಒಂದೆರಡು ನಿಮಿಷ ಎಳೆದ ಮೇಲೆ. ಅಂದರೆ ಬೌಲ್ ಖಾಲಿಯಾಗುತ್ತಿದೆ.

ಲೆಕ್ಕ ಹಾಕಿ. ಘಾಟಿಯಲ್ಲಿ ಲೀಟರಿಗೆ 20 ಕಿ.ಮೀ. ಹಿಡಿದರೆ, ಗಂಟೆಗೆ 40ರ ಓಟದಲ್ಲಿ ಗಂಟೆಗೆ 2 ಲೀಟರ್ ಬೇಕು, ನಿಮಿಷಕ್ಕೆ 33 ಮಿ.ಲೀ. ಆಸುಪಾಸು. ಕಾರ್ಬ್ ತುದಿಯ ಪೈಪನ್ನು ಅಳತೆ ಬಾಟಲಿಗೆ ಬಿಟ್ಟು, ಟ್ಯಾಂಕ್ ಮುಚ್ಚಳ ಹಾಕಿಯೇ ಮೂರು ನಿಮಿಷ ಹಿಡಿಯಿರಿ. ನಿಮಿಷಕ್ಕೆ 150 ಮಿ.ಲೀ.ಗಿಂತ ಹೆಚ್ಚು, ಮೂರನೇ ನಿಮಿಷದಲ್ಲೂ ಅಷ್ಟೇ ಬರಬೇಕು. ಬರಬರುತ್ತ ಎಳೆ ತೆಳುವಾಗಿ, ಮುಚ್ಚಳ ತೆರೆದ ಕೂಡಲೇ ಜೋರಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಮುಚ್ಚಳ ತೆರೆದರೂ ತೆಳು ಇದ್ದರೆ ಟ್ಯಾಪಿನ ಜಾಲರಿ. ನಿಮ್ಮ ಬೌಲಿನಲ್ಲಿ ಕೆಂಪು ಪುಡಿ ಇತ್ತು ಅನ್ನುವುದರಿಂದ ನನ್ನ ಅನುಮಾನ ಜಾಲರಿ ಮೇಲೆ. ಸೇಫ್ಟಿಗೆ ಅಂತ ಕಾರಿನ ಪೇಪರ್ ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ. ಅದು ಪಂಪ್ ಇರುವ ಗಾಡಿಯದ್ದು, ನಮ್ಮದರಲ್ಲಿ ಪೆಟ್ರೋಲ್ ತನ್ನ ಭಾರದಲ್ಲೇ ಇಳಿಯಬೇಕು.

ಘಾಟಿಯಲ್ಲಿ ಚೋಕ್ ಎಳೆದು ಪರೀಕ್ಷಿಸುವ ಉಪಾಯ ಈ ಕಾರ್ಬ್‌ನಲ್ಲಿ ನಂಬಿಕೆಯದ್ದಲ್ಲ. ಇದರ ಚೋಕ್ ಗಾಳಿ ಮುಚ್ಚುವ ತಗಡಲ್ಲ, ಬೇರೆಯೇ ಪೆಟ್ರೋಲ್ ದಾರಿ. ಥ್ರಾಟಲ್ ಮುಚ್ಚಿದ್ದಾಗ ಮಾತ್ರ ಅದಕ್ಕೆ ಪೂರ್ತಿ ಬಲ.

ಕುಮಟಾ_ಟೂಸ್ಟ್ರೋಕ್

ಇ20 ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೆಕ್ಯಾನಿಕ್ ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ, ಜಾಗ ಬೇರೆ. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5ರ ಸುತ್ತಮುತ್ತ ಸಾಕು. ಹಾಗಾಗಿ ಹಳೇ ಜೆಟ್‌ನಲ್ಲಿ ಗಾಡಿ ಸ್ವಲ್ಪ ಲೀನ್ ಓಡುತ್ತದೆ. ಎಲ್ಲ ಸ್ವಚ್ಛ ಮಾಡಿ, ಗಾಳಿ ಸೋರಿಕೆ ನಿಲ್ಲಿಸಿದ ಮೇಲೂ ಅರ್ಧ ಥ್ರಾಟಲ್‌ನಲ್ಲಿ ಬಿಸಿಯಾಗಿ ಟಿಕಟಿಕ ಅಂತ ನಾಕಿಂಗ್ ಇದ್ದರೆ ಸೂಜಿಯ ಕ್ಲಿಪ್ಪನ್ನು ಮೂರರಿಂದ ನಾಲ್ಕನೇ ಗೀರಿಗೆ ಇಳಿಸಿ. ಕ್ಲಿಪ್ ಇಳಿದರೆ ಸೂಜಿ ಏರುತ್ತದೆ, ರಿಚ್ ಆಗುತ್ತದೆ. ಮೇನ್ ಜೆಟ್ ಬದಲಾಯಿಸುವುದು ಪೂರ್ತಿ ಥ್ರಾಟಲ್‌ನಲ್ಲಿ ತೊಂದರೆ ಕಂಡರೆ ಮಾತ್ರ, ಅದೂ ಒಂದೇ ಸೈಜು ಮೇಲೆ. ಎರಡನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

ಪ್ಲಗ್ ಬಣ್ಣ ನೋಡುವವರು ಐಡ್ಲಿಂಗ್‌ನಲ್ಲಿ ನಿಲ್ಲಿಸಿ ನೋಡಬೇಡಿ. ಬೆಳಗ್ಗೆ ಖಾಲಿ ರಸ್ತೆಯಲ್ಲಿ ಒಂದೇ ಥ್ರಾಟಲ್ ಗುರುತಿನಲ್ಲಿ ಒಂದು ಕಿ.ಮೀ. ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಬಿಚ್ಚಬೇಕು. ಇ20ಯಲ್ಲಿ ಪಿಂಗಾಣಿ ಮೊದಲಿಗಿಂತ ಬಿಳಿಚಿಕೊಂಡೇ ಇರುತ್ತದೆ, ಹಳೇ ಕಾಲದ ಕಾಫಿ ಬಣ್ಣ ಸಿಗಲಿಲ್ಲ ಅಂತ ಜೆಟ್ ಏರಿಸುತ್ತ ಹೋಗಬೇಡಿ.

ಯೆಜ್ಡಿ, ಆರ್‌ಎಕ್ಸ್ 100 ಇರುವವರು ಇದನ್ನು ಓದುತ್ತಿದ್ದರೆ: ಟೂಸ್ಟ್ರೋಕ್‌ನಲ್ಲಿ ಗಾಳಿ ಸೋರಿಕೆ ಅಂದರೆ ಐಡ್ಲಿಂಗ್ ಹೋಗುವುದಷ್ಟೇ ಅಲ್ಲ, ಪಿಸ್ಟನ್ ಜಾಮ್ ಆಗುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಒಳ್ಳೆಯದಾಗಲಿ ಅಂತ ಆಯಿಲ್ ಜಾಸ್ತಿ ಹಾಕಿದರೆ ಅದೇ ಜೆಟ್‌ನಲ್ಲಿ ಪೆಟ್ರೋಲ್ ಕಡಿಮೆ ಹೋಗಿ ಮಿಶ್ರಣ ಇನ್ನೂ ಲೀನ್ ಆಗುತ್ತದೆ. ಮಳೆಗಾಲದಲ್ಲಿ ನಿಲ್ಲಿಸಿದರೆ ಪೆಟ್ರೋಲ್ ಆರಿ ಆಯಿಲ್ ಮಾತ್ರ ಅಂಟಿನಂತೆ ಬೌಲಿನಲ್ಲಿ ಉಳಿಯುತ್ತದೆ.

ಕೋಡಿಬಾಗ_ಬುಲೆಟ್

ಟ್ಯಾಪ್ ಬಿಚ್ಚಿದೆ. ಜಾಲರಿಯ ಮುಕ್ಕಾಲು ಭಾಗ ತುಕ್ಕಿನ ಪುಡಿಯಿಂದ ಮುಚ್ಚಿತ್ತು. ಮೊದಲು ನಿಮಿಷಕ್ಕೆ 60 ಮಿ.ಲೀ., ಮೂರನೇ ನಿಮಿಷಕ್ಕೆ 25ಕ್ಕೆ ಇಳಿಯಿತು. ತೊಳೆದ ಮೇಲೆ 210, ಕೊನೆ ತನಕ ಅಷ್ಟೇ. ಫ್ಲ್ಯಾಂಜ್ ತಿಕ್ಕಿ ಆಗಿದೆ, ಹೊಸ ನೀಡಲ್ ಕೂರಿಸಿದೆ. ಏರ್ ಸ್ಕ್ರೂ ಒಂದೂಮುಕ್ಕಾಲಿನಲ್ಲಿ ನಿಂತಿತು, ಚೋಕ್ ಇಲ್ಲದೆ ಐಡ್ಲಿಂಗ್ ಸರಿ ಇದೆ. ಫ್ಲ್ಯಾಂಜ್ ಓ-ರಿಂಗ್ ಹಳೆಯದೇ ಹಾಕಿದ್ದೇನೆ, ಚಪ್ಪಟೆಯಾಗಿದೆ. ಕಾರವಾರದಲ್ಲಿ ಬುಲೆಟ್‌ನದ್ದು ಸಿಗಲಿಲ್ಲ.

ಅಂಕೋಲಾ_ಪಾಯಿಂಟ್

ಚಪ್ಪಟೆ ಓ-ರಿಂಗ್ ಬಿಟ್ಟರೆ ಬಿಸಿಯಲ್ಲಿ ಮತ್ತೆ ಗಾಳಿ ಎಳೆಯುತ್ತದೆ, ಮತ್ತೆ ನಟ್ ಬಿಗಿಯುತ್ತೀರಿ, ಫ್ಲ್ಯಾಂಜ್ ಮತ್ತೆ ಬಗ್ಗುತ್ತದೆ. ಬುಲೆಟ್‌ನದ್ದೇ ಆಗಬೇಕೆಂದಿಲ್ಲ. ದೋಣಿ ಎಂಜಿನ್ ಸಾಮಾನು, ಪಂಪ್‌ಸೆಟ್ ಸಾಮಾನು ಮಾರುವ ಅಂಗಡಿಗೆ ಕಾರ್ಬ್ ಬಾಡಿಯನ್ನೇ ತೆಗೆದುಕೊಂಡು ಹೋಗಿ, ಫ್ಲ್ಯಾಂಜಿನ ತೋಡಿನಲ್ಲಿ ಕೂತು ಮುಖದಿಂದ ಅರ್ಧ ಮಿ.ಮೀ.ಯಷ್ಟು ಮೇಲೆ ಎದ್ದು ನಿಲ್ಲುವ ದಪ್ಪದ್ದು ಆರಿಸಿ. ವಿಟಾನ್ ರಬ್ಬರ್ ಅಂತ ಕೇಳಿ ತೆಗೆದುಕೊಳ್ಳಿ, ಎಥನಾಲ್‌ಗೂ ಬಿಸಿಗೂ ತಡೆಯುತ್ತದೆ. ಮುಖ ತಿಕ್ಕಿದ್ದರಿಂದ ತೋಡಿನ ಆಳ ಸ್ವಲ್ಪ ಕಡಿಮೆಯಾಗಿರುತ್ತದೆ, ಹಾಗಾಗಿ ಹಳೆಯದರ ಅಳತೆ ಕೊಟ್ಟು ತರಬೇಡಿ. ಟ್ಯಾಂಕಿನಲ್ಲಿ ತುಕ್ಕು ಇರುವವರೆಗೆ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಮುಂದಿನ ಜೂನ್‌ಗೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಕುತ್ತಿಗೆ ತನಕ ತುಂಬಿಸಿ, ಟ್ಯಾಪ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಬೌಲ್ ಒಣಗಿಸಿಬಿಡಿ. ಓವರ್‌ಫ್ಲೋ ಪೈಪಿನ ತುದಿಗೆ ತೆಳು ಬಟ್ಟೆ ಕಟ್ಟಿ, ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತು ಬಹಳ ಇಷ್ಟ.